ಪಂಕ್ತಿಯಿಂದ ಏಳುವ ಕಷ್ಟಕ್ಕೆ ಎಷ್ಟು ಅಂಕ?

ಶಿರಸಿ ಕಡೆಯ ಮದುವೆಗಳಲ್ಲಿ ನಮ್ಮತ್ತೆ ಈಗ ಪಂಕ್ತಿಯಲ್ಲಿ ಕೂರುವುದಿಲ್ಲ. ಕೂತರೆ ಏಳುವುದೇ ಒಂದು ಪ್ರಸಂಗ. ಎಡಗೈ ನೆಲಕ್ಕೂರಿ, ಪಕ್ಕದವರ ಹೆಗಲು ಹಿಡಿದು, ಎಂಜಲೆಲೆ ತುಳಿಯದಂತೆ ಏಳಬೇಕು. ಎಲ್ಲರೂ ನೋಡ್ತಾರೆ. ಅದಕ್ಕೇ ಬಡಿಸುವವರ ಜೊತೆ ಓಡಾಡಿ, ಕೊನೆಗೆ ಅಡುಗೆಮನೆ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ಉಣ್ಣುತ್ತಾರೆ. ಡಾಕ್ಟರ ಚೀಟಿಯಲ್ಲಿ ಇದ್ಯಾವುದೂ ಇಲ್ಲ. ಅಲ್ಲಿರುವುದು 84 ಕೆ.ಜಿ., ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 35, ಅಷ್ಟೇ.

ಈ ಬಿಎಂಐ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ. ಬೆಲ್ಜಿಯಂನ ಅಡಾಲ್ಫ್ ಕೆಟಲೆ ಖಗೋಳ, ಗಣಿತ ಬಲ್ಲವರು. 1830ರ ದಶಕದಲ್ಲಿ 'ಸರಾಸರಿ ಮನುಷ್ಯ'ನನ್ನು ಹುಡುಕುತ್ತಾ ಹಾಕಿದ ಲೆಕ್ಕ ಅದು. 1972ರಲ್ಲಿ ಅಮೆರಿಕದ ಶರೀರವಿಜ್ಞಾನಿ ಆನ್ಸೆಲ್ ಕೀಸ್ ಮತ್ತು ಜೊತೆಗಾರರು ಅದಕ್ಕೆ ಈಗಿನ ಹೆಸರಿಟ್ಟರು. ಒಂದು ಕಾಟಾ, ಒಂದು ಟೇಪು ಇದ್ದರೆ ಸಾಕು. ಎಲ್ಲ ಕಡೆ ಬೇರೂರಿತು.

ಆರೋಗ್ಯ ಅಂದರೆ ಸುಮ್ನೆ ರೋಗ ಇಲ್ಲದಿರುವುದಲ್ಲ, ಮೈ, ಮನಸ್ಸು, ಸಮಾಜದ ಬದುಕು ಮೂರೂ ನೆಟ್ಟಗಿರುವುದು ಎಂದು ವಿಶ್ವ ಆರೋಗ್ಯ ಸಂಸ್ಥೆ 1948ರಲ್ಲೇ ಹೇಳಿತ್ತು. ಅದನ್ನು ಅಳೆಯುವ ಪ್ರಶ್ನಾವಳಿಗಳು ಬರಲು ದಶಕಗಳೇ ಬೇಕಾದವು. 1992ರ ಎಸ್‌ಎಫ್-36 ಹೆಸರುವಾಸಿ. ಆದರೆ ಅದು ಎಲ್ಲ ರೋಗಿಗಳಿಗೂ ಒಂದೇ. ದಪ್ಪಗಿರುವವರ ಮುಜುಗರ ಅದರಲ್ಲಿ ಸಿಗುತ್ತಿರಲಿಲ್ಲ.

ಆ ಕೊರತೆ ತುಂಬಿದ್ದು ಅಮೆರಿಕದ ಮನಶ್ಶಾಸ್ತ್ರಜ್ಞೆ ರೊನೆಟ್ ಕೊಲೊಟ್ಕಿನ್. 1995ರಲ್ಲಿ ಅವರ ತಂಡ ತೂಕದಿಂದ ಬದುಕಿಗೆ ಏನಾಗುತ್ತದೆ ಎಂದು ಕೇಳುವ 74 ಪ್ರಶ್ನೆಗಳ ಪಟ್ಟಿ ಪ್ರಕಟಿಸಿತು. 2001ರಲ್ಲಿ ಅದನ್ನೇ 31ಕ್ಕೆ ಇಳಿಸಿ ಐಡಬ್ಲ್ಯೂಕ್ಯೂಓಎಲ್-ಲೈಟ್ ಎಂದರು. ಮೈಯ ಓಡಾಟ, ತನ್ನ ಬಗ್ಗೆ ತನಗಿರುವ ಭಾವನೆ, ಲೈಂಗಿಕ ಬದುಕು, ನಾಲ್ಕು ಜನರ ನಡುವಿನ ಮುಜುಗರ, ಕೆಲಸ: ಇವು ಅದರ ಐದು ಭಾಗ. 100 ಬಂದರೆ ಬದುಕು ಹಗುರ, 0 ಬಂದರೆ ಭಾರ. ಒಂದೇ ಬಿಎಂಐ ಇದ್ದರೂ ಹೆಂಗಸರ ಅಂಕ ಸಾಮಾನ್ಯವಾಗಿ ಕಡಿಮೆ ಬಂತು. ನಮ್ಮ ಕಡೆಯ ಯಾವ ಹೆಂಗಸಿಗೂ ಇದು ಹೊಸ ಸುದ್ದಿಯಲ್ಲ ಬಿಡಿ. ಈಚೆಗೆ ತೂಕ ಇಳಿಸುವ ಔಷಧಿ ಸೆಮಾಗ್ಲುಟೈಡ್‌ನ ಪ್ರಯೋಗಗಳಲ್ಲೂ ಕಿಲೋ ಜೊತೆಗೆ ಇದೇ ಪಟ್ಟಿಯ ಹೊಸ ರೂಪ ಬಳಸಿದರು.

ನನ್ನ ತಕರಾರು ಒಂದೇ. ಶೂ ಲೇಸ್ ಕಟ್ಟಲು ಕಷ್ಟವೇ ಎಂದು ಅದು ಕೇಳುತ್ತದೆ. ಅತ್ತೆ ಹಾಕುವುದು ಹವಾಯಿ ಚಪ್ಪಲಿ. ಅವರ ಕಷ್ಟ ಮೆಟ್ಟುಗತ್ತಿಯ ಮುಂದೆ ಕೂರುವುದು, ಬಚ್ಚಲ ಒಲೆಗೆ ಬಗ್ಗಿ ಬೆಂಕಿ ಹಾಕುವುದು. ಮಾತನ್ನು ಕನ್ನಡಕ್ಕೆ ತಂದರಷ್ಟೇ ಸಾಲದು, ಮನೆಯನ್ನೂ ತರಬೇಕಲ್ವಾ?

ಒಂದು ಸಂಜೆ ಕೆಲವು ಪ್ರಶ್ನೆಗಳನ್ನು ಅವರಿಗೆ ಓದಿ ಹೇಳಿದೆ. ಥಿಯೇಟರು, ಹೋಟೆಲು, ಕಾರು, ವಿಮಾನದ ಸೀಟಿನಲ್ಲಿ ಮೈ ಹಿಡಿಸುತ್ತದೆಯೇ ಎಂಬ ಚಿಂತೆಯೇ ಎಂಬಲ್ಲಿ ತಡೆದರು. ದೇವಿಮನೆ ಘಟ್ಟದ ತಿರುವುಗಳಲ್ಲಿ ಮೂವರ ಸೀಟಿನ ತುದಿಗೆ ಅಂಟಿಕೊಂಡು ಕುಮಟೆಗೆ ಹೋಗಿ ಬರುವವರು ಅವರು.

"ಬಸ್ಸಿಂದು ಕೇಳಿದ್ವಿಲ್ಯಾ?" ಅಂದರು.