‘ಜಾಡಿನ ಖನಿಜ’ ಅಂದರೆ ಯಾವ ಜಾಡು?

ಮೊನ್ನೆ ಮತ್ತೆ ಕಣ್ಣಿಗೆ ಬಿತ್ತು. ‘ನಿಮ್ಮ ಸುಸ್ತಿಗೆ ಜಾಡಿನ ಖನಿಜಗಳ ಅಸಮತೋಲನವೇ ಕಾರಣ’ ಅಂತ ಒಂದು ಲೇಖನದ ದಪ್ಪಕ್ಷರದ ತಲೆಬರಹ. ಈ ತಿಂಗಳಲ್ಲಿ ಇದು ನಾಲ್ಕನೆಯದು. ಮೊದಲ ಮೂರು ಸಲ ಬಾಯಿಮುಚ್ಚಿಕೊಂಡು ಇದ್ದೆ. ಈ ಸಲ ಆಗಲಿಲ್ಲ.

ಜಾಡು ಅಂದರೆ ಏನು ಅಂತ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಕಳ್ಳನ ಜಾಡು ಹಿಡಿಯುತ್ತಾರೆ. ಆನೆ ನಡೆದ ಜಾಡು ಕಾಣುತ್ತದೆ. ಮಾತು ಜಾಡು ತಪ್ಪುತ್ತದೆ. ಖನಿಜಕ್ಕೆ ಯಾವ ಜಾಡು? ಕಬ್ಬಿಣ ರಕ್ತದಲ್ಲಿ ನಡೆದಾಡಿ ಹೆಜ್ಜೆ ಗುರುತು ಬಿಟ್ಟು ಹೋಗುತ್ತದೆಯೇ? ಆದದ್ದು ಇಷ್ಟೆ: ಮೈಗೆ ತೀರಾ ಸ್ವಲ್ಪವೇ ಬೇಕಾದ ಖನಿಜಕ್ಕೆ ಇಂಗ್ಲಿಷಿನಲ್ಲಿ ‘ಟ್ರೇಸ್ ಮಿನರಲ್’ ಅನ್ನುತ್ತಾರೆ, ಯಾರೋ ಅದನ್ನು ಅನುವಾದದ ಯಂತ್ರಕ್ಕೆ ಹಾಕಿದರು. ಅದು ‘ಟ್ರೇಸ್’ಗೆ ನಿಘಂಟಿನಲ್ಲಿ ಮೊದಲು ಸಿಕ್ಕ ಅರ್ಥವನ್ನು ಎತ್ತಿ ಕೊಟ್ಟಿತು. ಅದನ್ನು ಒಬ್ಬರು ನಕಲು ಮಾಡಿದರು, ಅವರದನ್ನು ಇನ್ನೊಬ್ಬರು. ಈಗ ‘ಕುರುಹು ಖನಿಜ’ ಅಂತ ಅದರ ತಮ್ಮನೂ ಹುಟ್ಟಿದ್ದಾನೆ.

ಆ ‘ಟ್ರೇಸ್’ ಬಂದ ದಾರಿ ಸ್ವಾರಸ್ಯವಾಗಿದೆ. ಲ್ಯಾಟಿನ್ ಭಾಷೆಯ ‘ಎಳೆ’ ಅನ್ನುವ ಅರ್ಥದ ಕ್ರಿಯಾಪದ ಅದರ ಬೇರು. ಟ್ರ್ಯಾಕ್ಟರಿಗೂ ಅದೇ ಬೇರು. ಎಳೆದಾಗ ನೆಲದ ಮೇಲೆ ಉಳಿಯುವ ಗೀಟು ಮೊದಲ ಅರ್ಥ, ಅಂದರೆ ನಮ್ಮ ಜಾಡು. ಆಮೇಲೆ ಏನೋ ಇದ್ದು ಹೋಯಿತು ಅಂತ ತಿಳಿಸುವ ಗುರುತು. ಅಲ್ಲಿಂದ ಇನ್ನೂ ಸವೆದು, ‘ಇದೆಯೋ ಇಲ್ಲವೋ ಅನ್ನುವಷ್ಟು ಸ್ವಲ್ಪ’. ರಸಾಯನಶಾಸ್ತ್ರದವರು ಹಿಡಿದುಕೊಂಡದ್ದು ಈ ಕೊನೆಯ ಅರ್ಥವನ್ನು. ಒಂದು ವಸ್ತುವನ್ನು ಬಿಡಿಸಿ ನೋಡಿದಾಗ ಅದರಲ್ಲಿ ಇಂಥದ್ದು ಇದೆ ಅಂತ ಗೊತ್ತಾಗುತ್ತಿತ್ತು, ತೂಗಲು ಹೋದರೆ ತಕ್ಕಡಿ ಅಲುಗುತ್ತಿರಲಿಲ್ಲ. ಆಗ ಲೆಕ್ಕದ ಕಾಲಂನಲ್ಲಿ ಅಂಕಿಯ ಬದಲು ‘ಟ್ರೇಸ್’ ಅಂತ ಬರೆದುಬಿಡುತ್ತಿದ್ದರು. ಅಂದರೆ ಈ ಪದ ಹೇಳುತ್ತಿದ್ದದ್ದು ವಸ್ತುವಿನ ಗುಣವನ್ನಲ್ಲ, ತಕ್ಕಡಿಯ ಮಿತಿಯನ್ನು! ಈಗಿನ ಉಪಕರಣಗಳು ನೂರು ಕೋಟಿಯಲ್ಲಿ ಒಂದು ಪಾಲನ್ನೂ ಅಳೆಯುತ್ತವೆ. ಹೆಸರು ಮಾತ್ರ ಹಾಗೇ ಉಳಿದಿದೆ.

ಕನ್ನಡದಲ್ಲಿ ಇದಕ್ಕೆ ಪದ ಇಲ್ಲ ಅಂತ ಹೇಳಬೇಡಿ. ‘ಲವಲೇಶವೂ ಇಲ್ಲ’ ಅಂತ ದಿನಾ ಬೈಯುತ್ತೇವೆ ಅಲ್ವಾ? ಲವ ಅಂದರೆ ತುಣುಕು, ಲೇಶ ಅಂದರೆ ಚೂರು. ಪಾಪ, ನಾಚಿಕೆ, ಮರ್ಯಾದೆ, ಕರುಣೆ ಇಲ್ಲದಾಗ ಮಾತ್ರ ಈ ಪದ ನಮಗೆ ನೆನಪಾಗುತ್ತದೆ. ‘ಲೇಶಖನಿಜ’ ಅಂದರೆ ಮುಗಿಯಿತು. ಅದು ಭಾರ ಅನ್ನಿಸಿದರೆ ‘ಕಿರುಖನಿಜ’ ಅನ್ನಿ. ಕನ್ನಡ-ಸಂಸ್ಕೃತ ಬೆರೆಸಿದ ಅರಿಸಮಾಸ ಅಂತ ಯಾರಾದರೂ ಗೊಣಗಿದರೆ ಗೊಣಗಲಿ, ಜಾಡಿಗಿಂತ ಅದೇ ವಾಸಿ. ‘ಸೂಕ್ಷ್ಮ ಪೋಷಕಾಂಶ’ ಅನ್ನುವುದು ಬೇರೆ, ಅದರಲ್ಲಿ ವಿಟಮಿನ್‌ಗಳೂ ಸೇರುತ್ತವೆ.

ಖನಿಜ ಅನ್ನುವುದಕ್ಕೆ ತಕರಾರಿಲ್ಲ. ಅಗೆದು ತೆಗೆದದ್ದು, ಗಣಿಯಲ್ಲಿ ಹುಟ್ಟಿದ್ದು. ಆದರೆ ಸತುವಿನ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಕನ್ನಡದಲ್ಲಿ ಎರಡು ‘ಸತುವು’ ಇವೆ. ಒಂದು ಜಿಂಕ್ ಅನ್ನುವ ಲೋಹ. ಇನ್ನೊಂದು ‘ಸತ್ವ’ ಬಾಯಲ್ಲಿ ನುರಿದು ಆದದ್ದು. ‘ಮೈಯಲ್ಲಿ ಸತುವಿಲ್ಲ’ ಅಂತ ಹಿರಿಯರು ಹೇಳಿದರೆ ಅವರು ಸುಸ್ತಿನ ಮಾತಾಡುತ್ತಿದ್ದಾರೆ, ಜಿಂಕ್ ಮಾತ್ರೆ ಕೇಳುತ್ತಿಲ್ಲ. ‘ಸತುವು ಅಂದರೇ ಶಕ್ತಿ, ಆದ್ದರಿಂದ ದಿನಾ ಸತುವು ತಿನ್ನಿ’ ಅಂತ ಒಬ್ಬರು ಗಂಭೀರವಾಗಿಯೇ ಬರೆದಿದ್ದರು. ಓದಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಇನ್ನು ಎಷ್ಟಿದ್ದರೆ ಲೇಶ? ದಿನಕ್ಕೆ 100 ಮಿಲಿಗ್ರಾಂಗಿಂತ ಕಡಿಮೆ ಬೇಕಾದದ್ದು ಅಂತ ಒಂದು ಒರಟು ಗೆರೆ ಎಳೆದುಕೊಂಡಿದ್ದಾರೆ. ಕಬ್ಬಿಣ, ಸತು, ತಾಮ್ರ, ಅಯೋಡಿನ್, ಸೆಲೆನಿಯಂ, ಮ್ಯಾಂಗನೀಸ್, ಮಾಲಿಬ್ಡಿನಂ ಇವು ಗೆರೆಯ ಈಚೆ. ಕ್ಯಾಲ್ಸಿಯಂ ಆಚೆ, ಅದು ಮೈಯಲ್ಲಿ ಸುಮಾರು ಒಂದು ಕಿಲೋ ಇರುತ್ತದೆ. ಮೆಗ್ನೀಸಿಯಂ ಕೂಡ ಆಚೆಯೇ. ನಾನು ಹೇಳಿದ ನಾಲ್ಕು ಲೇಖನಗಳಲ್ಲಿ ಮೂರು ಅದನ್ನು ‘ಜಾಡಿನ’ ಪಟ್ಟಿಗೆ ಸೇರಿಸಿದ್ದವು. ದಿನಕ್ಕೆ 300-400 ಮಿಲಿಗ್ರಾಂ ಬೇಡುವುದು ಹೇಗೆ ಲೇಶ ಆಗುತ್ತದೆ?

ಅಳತೆ ನೋಡಿ. ದೊಡ್ಡವರ ಮೈಯಲ್ಲಿರುವ ಒಟ್ಟು ಕಬ್ಬಿಣ 3-4 ಗ್ರಾಂ. ತಾಮ್ರ ಸುಮಾರು 100 ಮಿಲಿಗ್ರಾಂ. ಅಯೋಡಿನ್ ದಿನಕ್ಕೆ 150 ಮೈಕ್ರೊಗ್ರಾಂ ಸಾಕು. ಎಪ್ಪತ್ತು ವರ್ಷದ್ದನ್ನೆಲ್ಲ ಗುಡ್ಡೆ ಹಾಕಿದರೂ 4 ಗ್ರಾಂ ದಾಟುವುದಿಲ್ಲ. ಇಡೀ ಜನ್ಮದ್ದು ಒಂದು ಟೀ ಚಮಚವನ್ನೂ ತುಂಬುವುದಿಲ್ಲ! ಇಲ್ಲೇ ಇನ್ನೊಂದು ಎಡವಟ್ಟು ಆಗುತ್ತದೆ. ಮಿಲಿ ಮತ್ತು ಮೈಕ್ರೊ, ಎರಡನ್ನೂ ‘ಮಿ.ಗ್ರಾಂ’ ಅಂತಲೇ ಬರೆದುಬಿಡುತ್ತಾರೆ. ಸೆಲೆನಿಯಂ ಬೇಕಾದದ್ದು ದಿನಕ್ಕೆ 55 ಮೈಕ್ರೊಗ್ರಾಂ. ‘55 ಮಿ.ಗ್ರಾಂ’ ಅಂತ ಅಚ್ಚಾದರೆ ಸಾವಿರ ಪಟ್ಟು. 400 ಮೈಕ್ರೊಗ್ರಾಂ ದಾಟಬೇಡಿ ಅಂತ ಹೇಳುವ ವಸ್ತು ಅದು. ಜಾಸ್ತಿಯಾಗುತ್ತಾ ಹೋದರೆ ಕೂದಲು ಉದುರುತ್ತದೆ, ಉಗುರು ಪುಡಿಯಾಗುತ್ತದೆ, ಉಸಿರು ಬೆಳ್ಳುಳ್ಳಿಯ ಹಾಗೆ ನಾರುತ್ತದೆ.

ಇಂಥ ಲೇಖನಗಳಲ್ಲಿ ಬರುವ ‘ಖನಿಜಗಳು ಶಕ್ತಿ ಕೊಡುತ್ತವೆ’ ಅನ್ನುವ ವಾಕ್ಯಕ್ಕೆ ಬರೋಣ. ಕೊಡುವುದಿಲ್ಲ. ಒಂದು ಕ್ಯಾಲರಿಯೂ ಅವುಗಳಲ್ಲಿಲ್ಲ. ಉರಿಯುವುದು ಪಿಷ್ಟ, ಕೊಬ್ಬು, ಪ್ರೋಟೀನ್. ಖನಿಜ ಸೌದೆಯಲ್ಲ, ಊದುಗೊಳವೆ. ಅದು ತಾನು ಉರಿಯುವುದಿಲ್ಲ, ಆದರೆ ಅದಿಲ್ಲದೆ ಒಲೆ ಹೊಗೆಯಾಡುತ್ತದೆ. ಕಬ್ಬಿಣ ರಕ್ತದಲ್ಲಿ ಆಮ್ಲಜನಕ ಹೊರುತ್ತದೆ ಅಂತ ಎಲ್ಲರೂ ಓದಿದ್ದೇವೆ. ಜೀವಕೋಶದ ಒಳಗೆ, ಶಕ್ತಿ ತಯಾರಾಗುವ ಮೈಟೊಕಾಂಡ್ರಿಯದಲ್ಲಿ, ಎಲೆಕ್ಟ್ರಾನ್‌ಗಳನ್ನು ಕೈಯಿಂದ ಕೈಗೆ ದಾಟಿಸುವ ಕೆಲಸವೂ ಅದರದ್ದೇ. ಆ ಸಾಲಿನ ಕೊನೆಯಲ್ಲಿ ಆಮ್ಲಜನಕಕ್ಕೆ ಒಪ್ಪಿಸುವಾಗ ತಾಮ್ರವೂ ಜೊತೆಗಿರಬೇಕು. ಈ ಒಲೆಯ ಉರಿ ಎಷ್ಟಿರಬೇಕು ಅಂತ ನೋಡಿಕೊಳ್ಳುವ ಥೈರಾಯ್ಡ್ ಗ್ರಂಥಿಯ ಕಥೆ ಇನ್ನೂ ಚೆನ್ನಾಗಿದೆ. ಪರೀಕ್ಷೆಯ ವರದಿಯಲ್ಲಿ ಟಿ4, ಟಿ3 ಅಂತ ಇರುತ್ತದಲ್ಲ, ಆ ಅಂಕಿಗಳು ಹಾರ್ಮೋನಿನಲ್ಲಿರುವ ಅಯೋಡಿನ್ ಪರಮಾಣುಗಳ ಲೆಕ್ಕ. ನಾಲ್ಕರಲ್ಲಿ ಒಂದನ್ನು ಕಿತ್ತು, ಹೆಚ್ಚು ಚುರುಕಾದ ಟಿ3 ಮಾಡುವ ಕಿಣ್ವದಲ್ಲಿ ಸೆಲೆನಿಯಂ ಕೂತಿರುತ್ತದೆ.

ಕೊರತೆ ಇದ್ದವರು ಕೊರತೆ ನೀಗಿಸಿಕೊಂಡರೆ ಸುಸ್ತು ಕಡಿಮೆಯಾಗುತ್ತದೆ, ನಿಜ. ಕೊರತೆಯೇ ಇಲ್ಲದವರು ಇನ್ನಷ್ಟು ನುಂಗಿದರೆ ಹುರುಪು ಜಾಸ್ತಿಯಾಗುವುದಿಲ್ಲ. ಒಂದು ಒಲೆಗೆ ಐದು ಊದುಗೊಳವೆ ಇಟ್ಟು ಏನು ಮಾಡುತ್ತೀರಿ?

‘ಸಮತೋಲನ’ ಅನ್ನುವ ಪದವೂ ನನಗೆ ಇಲ್ಲಿ ಅಷ್ಟು ಹಿಡಿಸುವುದಿಲ್ಲ. ತೋಲನ ಅಂದರೆ ತೂಗುವುದು. ಸಮತೋಲನ ಅಂದ ಕೂಡಲೇ ಎರಡು ತಟ್ಟೆ ಸಮವಾಗಿ ನಿಂತ ತಕ್ಕಡಿ ಕಣ್ಣಿಗೆ ಬರುತ್ತದೆ. ಇಲ್ಲಿ ಯಾವುದೂ ಇನ್ನೊಂದಕ್ಕೆ ಸಮ ಇರಬೇಕಾಗಿಲ್ಲ. ನಮ್ಮ ‘ಹದ’ ಇದಕ್ಕೆ ಸರಿಯಾಗಿ ಕೂರುತ್ತದೆ. ಉಪ್ಪು ಹದವಾಗಿರಬೇಕು, ಅಷ್ಟೆ. ದೇಹ ಈ ಹದ ಕಾಯುವ ರೀತಿ ನೋಡಬೇಕು. ಬೇಡದ ಕಬ್ಬಿಣವನ್ನು ಹೊರಗೆ ಹಾಕಲು ಅದಕ್ಕೆ ದಾರಿಯೇ ಇಲ್ಲ. ಉದುರುವ ಕೋಶಗಳ ಜೊತೆ ದಿನಕ್ಕೆ 1-2 ಮಿಲಿಗ್ರಾಂ ಹೋಗುತ್ತದೆ, ಮುಟ್ಟಿನಲ್ಲಿ ಇನ್ನಷ್ಟು. ಆದ್ದರಿಂದ ಕಾವಲೆಲ್ಲ ಒಳಬಾಗಿಲಲ್ಲೇ. ಕಬ್ಬಿಣ ಸಾಕಾದಾಗ ಪಿತ್ತಜನಕಾಂಗ ಹೆಪ್ಸಿಡಿನ್ ಅನ್ನುವ ಹಾರ್ಮೋನನ್ನು ಬಿಡುತ್ತದೆ, ಕರುಳಿನ ಬಾಗಿಲು ಮುಚ್ಚುತ್ತದೆ. ಸೋಂಕು ತಗುಲಿದಾಗಲೂ ಹಾಗೇ.

ಹದ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ಸತು-ತಾಮ್ರಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಸತು ದಿನಕ್ಕೆ 8-11 ಮಿಲಿಗ್ರಾಂ ಸಾಕು, 40 ಮೇಲಿನ ಮಿತಿ. ಯಾರೋ ‘ಎನರ್ಜಿಗೆ’ ಅಂತ ಅದನ್ನೂ ಮೀರಿ ತಿಂಗಳುಗಟ್ಟಲೆ ನುಂಗುತ್ತಾರೆ ಅಂದುಕೊಳ್ಳಿ. ಕರುಳಿನ ಒಳಪದರದ ಕೋಶಗಳು ಲೋಹ ಹಿಡಿಯುವ ಒಂದು ಪ್ರೋಟೀನನ್ನು ಜಾಸ್ತಿ ಮಾಡತೊಡಗುತ್ತವೆ. ಈ ಪ್ರೋಟೀನಿಗೆ ಸತುವಿಗಿಂತ ತಾಮ್ರದ ಮೇಲೆ ಮೋಹ ಹೆಚ್ಚು. ಊಟದಲ್ಲಿ ಬಂದ ತಾಮ್ರವನ್ನು ಅಲ್ಲೇ ಹಿಡಿದು ಕೂರುತ್ತದೆ. ಆ ಕೋಶಗಳ ಆಯುಷ್ಯ ಕೆಲವೇ ದಿನ. ಅವು ಉದುರಿದಾಗ ತಾಮ್ರವೂ ಮಲದ ಜೊತೆ ಹೋಗುತ್ತದೆ. ತಾಮ್ರ ಇಲ್ಲದಿದ್ದರೆ ಕೂಡಿಟ್ಟ ಕಬ್ಬಿಣ ಕೆಲಸಕ್ಕೆ ಬರುವುದಿಲ್ಲ. ರಕ್ತಹೀನತೆ ಶುರು, ಸುಸ್ತು ಹೆಚ್ಚು. ಆಗ ಕಬ್ಬಿಣದ ಮಾತ್ರೆ ತಿಂದರೂ ಪ್ರಯೋಜನವಿಲ್ಲ, ಕೊರತೆ ಇರುವುದು ಕಬ್ಬಿಣದ್ದಲ್ಲವಲ್ಲ. ಕೈಕಾಲು ಜೋಮು ಹಿಡಿಯುವುದೂ ಉಂಟು. ಸತು ಬೆರೆಸಿದ ಹಲ್ಲುಸೆಟ್ಟಿನ ಅಂಟನ್ನು ಅತಿಯಾಗಿ ಬಳಸಿದವರಲ್ಲಿ ಇದನ್ನು ಕಂಡಿದ್ದಾರೆ. ಇದೇ ಗುಣವನ್ನು ವೈದ್ಯರು ಬೇಕೆಂದೇ ಬಳಸುವುದೂ ಇದೆ: ತಾಮ್ರ ಮೈಯಲ್ಲಿ ಸೇರಿಕೊಳ್ಳುವ ವಿಲ್ಸನ್ ಕಾಯಿಲೆಗೆ ಸತುವೇ ಒಂದು ಮದ್ದು.

ಕೂದಲು ಕತ್ತರಿಸಿ ಕಳಿಸಿ, ‘ನಿಮ್ಮ ಖನಿಜ ಸಮತೋಲನ’ ಹೇಳುತ್ತೇವೆ ಅನ್ನುವವರ ಬಗ್ಗೆ ಒಂದೇ ಮಾತು: ಶಾಂಪೂ, ಬಣ್ಣ, ಬೆವರು ಎಲ್ಲ ಆ ಲೆಕ್ಕದೊಳಗೆ ಸೇರುತ್ತವೆ.

ಸುಸ್ತಿಗೆ ಕಾರಣ ನೂರು. ನಿದ್ದೆ, ಸಕ್ಕರೆ ಕಾಯಿಲೆ, ಖಿನ್ನತೆ, ಯಾವುದೂ ಇರಬಹುದು. ಕಬ್ಬಿಣದ ಅನುಮಾನ ಇದ್ದರೆ ಹಿಮೋಗ್ಲೋಬಿನ್ ಒಂದನ್ನೇ ನೋಡಿ ‘ಎಲ್ಲ ಸರಿ ಇದೆ’ ಅನ್ನಬೇಡಿ. ದೇಹ ಮೊದಲು ಖಾಲಿ ಮಾಡುವುದು ಉಗ್ರಾಣವನ್ನು. ಹಿಮೋಗ್ಲೋಬಿನ್ ಇಳಿಯುವುದು ಆಮೇಲೆ. ಉಗ್ರಾಣದ ಲೆಕ್ಕ ಹೇಳುವುದು ಫೆರಿಟಿನ್ ಅನ್ನುವ ರಕ್ತಪರೀಕ್ಷೆ. ದೊಡ್ಡವರಲ್ಲಿ ಅದು ಲೀಟರಿಗೆ 15 ಮೈಕ್ರೊಗ್ರಾಂಗಿಂತ ಕೆಳಗಿದ್ದರೆ ಉಗ್ರಾಣ ಬರಿದಾಗಿದೆ ಅಂತ. ಮೈಯಲ್ಲಿ ಉರಿಯೂತ ಇದ್ದರೆ ಅದು ಸುಳ್ಳಾಗಿ ಏರಿರುತ್ತದೆ, ಅದನ್ನು ವೈದ್ಯರು ಕೂಡಿಸಿ ಕಳೆದು ನೋಡುತ್ತಾರೆ. ಫೆರಿಟಿನ್‌ಗೆ ಯಂತ್ರ ಮಾಡಿದ ಕನ್ನಡ ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ. ಪುಣ್ಯ.