ಗಾಳಿಯ ಲೆಕ್ಕ ತಪ್ಪಿದ ಕಾರು

ಚಿತ್ರದುರ್ಗ ಇನ್ನು ಹತ್ತು ಕಿಲೋಮೀಟರ್ ಇದೆ ಎನ್ನುವಾಗ ಕಾರಿನ ಪಿಕಪ್ ಸತ್ತುಹೋಯಿತು. ಗಾಡಿ ನಿಲ್ಲಲಿಲ್ಲ, ಆದರೆ ಎಂಜಿನ್ ದೀಪ ಹೊತ್ತಿಕೊಂಡಿತು. ಆಕ್ಸಿಲರೇಟರನ್ನು ಎಷ್ಟು ಒತ್ತಿದರೂ ಮುಳ್ಳು ಅರವತ್ತು ದಾಟಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಹಿಂದೆಲ್ಲ ಕಪ್ಪು ಹೊಗೆ. ಮೆಕ್ಕೆಜೋಳ ಹೇರಿದ ಲಾರಿಯೊಂದು ಹಾರ್ನ್ ಹೊಡೆದು ನಮ್ಮನ್ನು ದಾಟಿ ಹೋಯಿತು. "ಮಾವ, ಟರ್ಬೊ ಹೋಯಿತು ಅಂತ ಕಾಣುತ್ತದೆ" ಎಂದ ಅಕ್ಕನ ಮಗ. ಅವನು ಆ ಕಾರು ಕೊಂಡು ಎರಡೇ ತಿಂಗಳಾಗಿತ್ತು.

ಕಾರು ಹಳೆಯದು, ಆದರೆ ಎಂಜಿನ್ ಒಳ್ಳೆಯ ಮನೆತನದ್ದು. ಮಾರುತಿ, ಟಾಟಾ, ಫಿಯೆಟ್ ಮೂರೂ ಕಂಪನಿಗಳ ಕಾರುಗಳಲ್ಲಿ ಓಡಿದ 1248 ಸಿಸಿಯ ಡೀಸೆಲ್ ಎಂಜಿನ್ ಅದು, 90 ಅಶ್ವಶಕ್ತಿಯ ಮಾದರಿ. ಬಿಡಿಭಾಗಕ್ಕೆ ಪರದಾಡಬೇಕಿಲ್ಲ, ಗುಜರಿಯಲ್ಲೂ ಸಿಗುತ್ತದೆ. ತೊಂದರೆ ಇದ್ದದ್ದು ಹಿಂದಿನ ಮಾಲೀಕ ಪ್ರೀತಿಯಿಂದ ಮಾಡಿಸಿದ್ದ ಅಲಂಕಾರಗಳಲ್ಲಿ: ಕೋನಾಕಾರದ ಏರ್ ಫಿಲ್ಟರ್, ದಪ್ಪ ಸೈಲೆನ್ಸರ್, ದೊಡ್ಡ ಚಕ್ರಗಳು, ಬಾನೆಟ್ಟಿನ ಮೂಲೆಯಲ್ಲಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಕಪ್ಪು ಪೆಟ್ಟಿಗೆ. ವಾಹನದ ಮೂಲ ಸ್ವರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡಿಯಿದೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಆದರೆ ನಮಗೆ ಅಂದು ಕೋರ್ಟಿಗಿಂತ ಮೊದಲು ಮನೆ ಮುಟ್ಟುವ ಚಿಂತೆಯಿತ್ತು.

ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಪಡೆದ ಉಪಾಯವೇ ಇಂದಿನ ಟರ್ಬೊ. ಎಂಜಿನ್ ಹೊರಗೆ ಚೆಲ್ಲುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚಿದಷ್ಟೂ ಹೆಚ್ಚು ಡೀಸೆಲ್ ಸುಡಬಹುದು. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳೂ ಟರ್ಬೈನುಗಳೇ, ಆದರೆ ಸ್ವಭಾವದಲ್ಲಿ ಆನೆಗೂ ಜೇನುನೊಣಕ್ಕೂ ಇರುವಷ್ಟು ಅಂತರ. ಅಲ್ಲಿನ ಅಲಗುಗಳು ನಿಮಿಷಕ್ಕೆ ಹದಿನೈದಿಪ್ಪತ್ತು ಸುತ್ತು ಸುತ್ತಿದರೆ ಹೆಚ್ಚು. ಸಣ್ಣ ಕಾರಿನ ಟರ್ಬೊ ದಂಡ ಎರಡು ಲಕ್ಷ ಸುತ್ತನ್ನು ಮುಟ್ಟಬಲ್ಲದು. ನಾಲ್ಕು ಸೆಂಟಿಮೀಟರ್ ಅಗಲದ ಚಕ್ರ ಆ ವೇಗದಲ್ಲಿ ತಿರುಗಿದರೆ ಅದರ ಅಂಚು ಸೆಕೆಂಡಿಗೆ 400 ಮೀಟರಿಗೂ ಮೀರಿ ಓಡುತ್ತದೆ. ಗಾಳಿಯಲ್ಲಿ ಶಬ್ದವೇ ಸೆಕೆಂಡಿಗೆ ಸುಮಾರು 350 ಮೀಟರ್ ಹೋಗುವುದು! ಇಷ್ಟೆಲ್ಲ ಆಟ ನಡೆಯುವುದು ಕೂದಲೆಳೆಗಿಂತ ತೆಳುವಾದ ಆಯಿಲ್ ಪದರದ ಮೇಲೆ. ಹಾಗಾಗಿ ಪಿಕಪ್ ಹೋದ ಕೂಡಲೇ ಎಲ್ಲರೂ ಟರ್ಬೊವನ್ನೇ ಅನುಮಾನಿಸುತ್ತಾರೆ.

ದಾವಣಗೆರೆಯ ನಮ್ಮ ಮೇಸ್ತ್ರಿ ಅನುಮಾನಿಸಲಿಲ್ಲ. ಮೊದಲು ಕಾರಿನ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಚುಚ್ಚಿ, ಎಂಜಿನ್ ಚಾಲೂ ಮಾಡದೆ ಬರಿ ಕೀ ತಿರುಗಿಸಿ, ಟರ್ಬೊ ತುಂಬುವ ಗಾಳಿಯ ಒತ್ತಡ ಅಳೆಯುವ ಬೂಸ್ಟ್ ಸೆನ್ಸರ್ ಏನು ಹೇಳುತ್ತದೆ ನೋಡಿದರು. 94 ಕಿಲೋಪಾಸ್ಕಲ್. "101 ಇರಬೇಕಲ್ಲವೇ ಅಣ್ಣ?" ಎಂದು ನಮ್ಮ ಹುಡುಗ ಗಾಬರಿಯಾದ. 101 ಸಮುದ್ರ ಮಟ್ಟದ ಲೆಕ್ಕ. ದಾವಣಗೆರೆ ಇರುವುದು ಅದಕ್ಕಿಂತ ಸುಮಾರು 600 ಮೀಟರ್ ಎತ್ತರದಲ್ಲಿ, ಇಲ್ಲಿನ ವಾತಾವರಣದ ಒತ್ತಡವೇ ಅಷ್ಟು. ಎಂಜಿನ್ ನಿಂತಿರುವಾಗ ಸೆನ್ಸರ್ ಊರಿನ ಒತ್ತಡವನ್ನೇ ತೋರಿಸಿದರೆ ಅದು ನಿಜ ಹೇಳುತ್ತಿದೆ ಎಂದರ್ಥ. ಒಬ್ಬ ನಂಬಿಕಸ್ಥ ಸಾಕ್ಷಿ ಸಿಕ್ಕಂತಾಯಿತು.

ಸುಳ್ಳುಗಾರ ಆ ಕಪ್ಪು ಪೆಟ್ಟಿಗೆ. ಸಾವಿರ ಬಾರ್‌ಗೂ ಮೀರಿದ ಒತ್ತಡದಲ್ಲಿ ಡೀಸೆಲ್ ತುಂಬಿಟ್ಟುಕೊಳ್ಳುವ ಕೊಳವೆಯ ಸೆನ್ಸರಿಗೂ ಎಂಜಿನ್ನಿನ ಕಂಪ್ಯೂಟರಿಗೂ ನಡುವೆ ಅದು ಕುಳಿತಿರುತ್ತದೆ. ಇದ್ದದ್ದಕ್ಕಿಂತ ಕಡಿಮೆ ಒತ್ತಡವಿದೆ ಎಂದು ಅದು ವರದಿ ಕೊಡುತ್ತದೆ. ಕಂಪ್ಯೂಟರ್ ನಂಬಿ ಒತ್ತಡ ಏರಿಸುತ್ತದೆ, ಸಿಲಿಂಡರಿಗೆ ಲೆಕ್ಕಕ್ಕಿಂತ ಹೆಚ್ಚು ಡೀಸೆಲ್ ಬೀಳುತ್ತದೆ. ಇಂಥ ಪೆಟ್ಟಿಗೆಗಳೆಲ್ಲ ಮೋಸ ಎಂದು ನಾನು ಹೇಳುವುದಿಲ್ಲ, ಪಿಕಪ್ ನಿಜಕ್ಕೂ ಹೆಚ್ಚುತ್ತದೆ. ನನ್ನ ತಕರಾರು ಬೇರೆ: ಕೆಟ್ಟುಹೋದ ಗಾಡಿಯನ್ನೂ ಅದು ಚೆನ್ನಾಗಿ ಓಡುವ ಗಾಡಿಯಂತೆ ತೋರಿಸುತ್ತದೆ.

ಪೆಟ್ಟಿಗೆ ಕಳಚಿ ಮೂಲ ಸಾಕೆಟ್ಟನ್ನು ಜೋಡಿಸಿದಾಗ ನಮಗೆ ತಿಳಿದದ್ದು ಇದೇ. ಹೊಗೆ ಸ್ವಲ್ಪ ಇಳಿಯಿತು, ಆದರೆ ಕಾರು ಎತ್ತಿನಗಾಡಿಯಾಯಿತು. ಪೆಟ್ಟಿಗೆ ಹಾಕಿಸುವ ಮುಂಚೆಯೇ ಅದಕ್ಕೆ ಕಾಯಿಲೆಯಿತ್ತು. ಹಿಂದಿನ ಮಾಲೀಕ ಕಾಯಿಲೆ ಹುಡುಕುವ ಬದಲು ಟಾನಿಕ್ ಕುಡಿಸಿದ್ದ.

ಕಾಯಿಲೆ ಎರಡು ಜಾಗದಲ್ಲಿತ್ತು. ಏರ್ ಫಿಲ್ಟರಿನ ಹಿಂದೆ, ಒಳಬರುವ ಗಾಳಿಯನ್ನು ಅಳೆಯುವ ಸೆನ್ಸರ್ ಇರುತ್ತದೆ. ಬಿಸಿ ಮಾಡಿದ ತೆಳು ಪಟ್ಟಿ ಅದು. ಹರಿಯುವ ಗಾಳಿ ಪಟ್ಟಿಯನ್ನು ತಣಿಸುತ್ತದೆ, ಅದನ್ನು ಮತ್ತೆ ಬಿಸಿಯಾಗಿಡಲು ಎಷ್ಟು ವಿದ್ಯುತ್ ಬೇಕಾಯಿತು ಎಂಬುದರಿಂದ ಗಾಳಿಯ ತೂಕ ಗೊತ್ತಾಗುತ್ತದೆ. ಕೋನಾಕಾರದ ಹತ್ತಿಯ ಫಿಲ್ಟರಿಗೆ ಎಣ್ಣೆ ಸವರಬೇಕು. ಹೆಚ್ಚಾದ ಎಣ್ಣೆ ಸೆನ್ಸರಿನ ಮೇಲೆ ಹಾರಿ ಕುಳಿತು, ಅದರ ಮೇಲೆ ನಮ್ಮ ಹೊಲಗಳ ಒಕ್ಕಣೆಯ ಧೂಳು ಮೆತ್ತಿಕೊಂಡು, ಪಟ್ಟಿಗೆ ಕಂಬಳಿ ಹೊದಿಸಿದಂತಾಗಿತ್ತು. ಬಂದ ಗಾಳಿಯನ್ನು ಅದು ಕಡಿಮೆ ಎಂದು ವರದಿ ಮಾಡುತ್ತಿತ್ತು, ಕಂಪ್ಯೂಟರ್ ಡೀಸೆಲ್ ಕಡಿತ ಮಾಡುತ್ತಿತ್ತು. ಸಾಲದ್ದಕ್ಕೆ, ತೆರೆದ ಫಿಲ್ಟರ್ ಬಾನೆಟ್ಟಿನೊಳಗಿನ ಬಿಸಿ ಗಾಳಿಯನ್ನೇ ಎಳೆಯುತ್ತದೆ. 35 ಡಿಗ್ರಿಯ ಬದಲು 60 ಡಿಗ್ರಿಯ ಗಾಳಿ ಎಳೆದರೆ ಶೇಕಡ 7ರಷ್ಟು ಗಾಳಿ ಬಾಗಿಲಲ್ಲೇ ಖೋತಾ. ಕಂಪನಿಯ ಪ್ಲಾಸ್ಟಿಕ್ ಡಬ್ಬಿ ನೋಡಲು ಪೆದ್ದಾಗಿದ್ದರೂ ಗ್ರಿಲ್ಲಿನ ಹಿಂದಿನ ತಂಪು ಗಾಳಿಗೆ ಮೂಗು ಚಾಚಿಕೊಂಡಿರುತ್ತದೆ.

ಎರಡನೆಯದು ಸಿಕ್ಕಿದ್ದು ಬೆರಳ ತುದಿಗೆ. ಸೈಕಲ್ ಪಂಪಿನ ಬುಡ ಬಿಸಿಯಾಗುವಂತೆ, ಟರ್ಬೊ ಒತ್ತಿದ ಗಾಳಿಯೂ ಕಾಯುತ್ತದೆ. ಒತ್ತಡ ಇಮ್ಮಡಿಯಾದರೆ ಬೇಸಿಗೆಯ ಗಾಳಿ 120-130 ಡಿಗ್ರಿ ಮುಟ್ಟುತ್ತದೆ. ಅದನ್ನು ತಣಿಸುವ ಇಂಟರ್‌ಕೂಲರಿಗೆ ಹೋಗುವ ಹೋಸ್ ಪೈಪಿನ ಕೆಳಬದಿಯನ್ನು ಮೇಸ್ತ್ರಿ ತಡವಿ ಕೈ ತೋರಿಸಿದರು, ಹೆಬ್ಬೆರಳ ಗಾತ್ರದ ಜಿಡ್ಡು ಮಣ್ಣು ಅಂಟಿತ್ತು. ಆ ಪೈಪಿನಲ್ಲಿ ಗಾಳಿಯ ಜೊತೆ ಸ್ವಲ್ಪ ಆಯಿಲ್ ಆವಿಯೂ ಇರುವುದು ಸಹಜ. ಗಾಳಿ ಸೋರುವಲ್ಲಿ ಆಯಿಲ್ ಒಸರಿ ಧೂಳು ಹಿಡಿಯುತ್ತದೆ. ಸೋಪಿನ ನೀರು ಹಚ್ಚಿ ಒಳಗಿನಿಂದ ಗಾಳಿ ಕೊಟ್ಟಾಗ ಕ್ಲಿಪ್ಪಿನ ಪಕ್ಕದ ಸೀಳು ಗುಳ್ಳೆಯಾಗಿ ಅರಳಿತು. ಪೈಪಿನ ಬೆಲೆ ಕೇಳಿ ಹುಡುಗ ನಕ್ಕೇಬಿಟ್ಟ. ಅವನು ಹೊಸ ಟರ್ಬೊಗೆಂದು ಸಾಲದ ಮಾತಾಡಿ ಬಂದಿದ್ದ.

ಪೆಟ್ಟಿಗೆ ಸುರಿದ ಡೀಸೆಲ್ಲಿಗೆ ಸೋರಿದ ಮೇಲೆ ಉಳಿದ ಗಾಳಿ ಸಾಲದೆ ಮಸಿ ಎದ್ದಿತ್ತು. ಈ ಮಾದರಿಯ ಟರ್ಬೊದಲ್ಲಿ ಹೊಗೆಯ ದಾರಿಯನ್ನು ಹಿಗ್ಗಿಸಿ ಕುಗ್ಗಿಸುವ ಸಣ್ಣ ರೆಕ್ಕೆಗಳಿವೆ, ಮಸಿ ಅವುಗಳ ಸಂದಿಗೆ ಕಚ್ಚಿ ರೆಕ್ಕೆಗಳು ಅಲ್ಲಲ್ಲೇ ಹಿಡಿದುಕೊಂಡಿದ್ದವು. ತಾನು ಕೇಳಿದ ಗಾಳಿಯ ಒತ್ತಡಕ್ಕೂ ಟರ್ಬೊದಿಂದ ಸಿಕ್ಕ ಒತ್ತಡಕ್ಕೂ ತಾಳೆಯಾಗದೆ ಕಂಪ್ಯೂಟರ್ ಎಂಜಿನ್ನಿನ ಶಕ್ತಿಗೆ ತಾನೇ ಮಿತಿ ಹಾಕಿಕೊಂಡಿತು. ಹೆದ್ದಾರಿಯಲ್ಲಿ ನಾವು ಕಂಡದ್ದು ಆ ಎಚ್ಚರಿಕೆಯನ್ನು.

ಟರ್ಬೊ ಬಿಚ್ಚಿದಾಗ ಮೇಸ್ತ್ರಿ ದಂಡವನ್ನು ಎರಡು ಬೆರಳಲ್ಲಿ ಹಿಡಿದು ಅಲುಗಿಸಲು ಹೇಳಿದರು. ಅಡ್ಡಕ್ಕೆ ತುಸು ಆಡಿತು. ಆಯಿಲ್ ತುಂಬುವ ಜಾಗ ಅದು, ಅಷ್ಟು ಆಟ ಇರಲೇಬೇಕು. ಉದ್ದಕ್ಕೆ ಹಿಂದೆ ಮುಂದೆ ಎಳೆದೆ, ಕೈಗೆ ಏನೂ ತಿಳಿಯಲಿಲ್ಲ. ಚಕ್ರದ ಅಲಗು ಕವಚಕ್ಕೆ ಉಜ್ಜಿದ ಗುರುತೂ ಇರಲಿಲ್ಲ. ದಂಡದ ಭಾಗವನ್ನು ಮುಟ್ಟದೆ, ಕವಚದ ಮೇಲೆ ಗೆರೆ ಎಳೆದಿಟ್ಟುಕೊಂಡು, ರೆಕ್ಕೆಗಳ ಮಸಿ ಮಾತ್ರ ತೆಗೆದು ಮತ್ತೆ ಕೂರಿಸಿದರು. ಆಯಿಲ್ ಬರುವ ಸಣ್ಣ ಪೈಪನ್ನು ಮಾತ್ರ ಹೊಸದೇ ಹಾಕಿಸಿದೆವು. ಬಿಸಿಗೆ ಒಳಗೆ ಹೆಪ್ಪುಗಟ್ಟಿದ ಆಯಿಲ್ ಹೊರಗಿನಿಂದ ಕಾಣುವುದಿಲ್ಲ, ಅಲ್ಲಿ ಜಿಪುಣತನ ಮಾಡಬಾರದು.

ಒಂದು ವಾರ ಹಿಡಿಯಿತು, ಏಕೆಂದರೆ ಮೇಸ್ತ್ರಿ ಒಂದು ಸಲಕ್ಕೆ ಒಂದನ್ನೇ ಬದಲಿಸಿ ಓಡಿಸಿ ನೋಡುವ ಜಾತಿ. ಸೈಲೆನ್ಸರ್, ಚಕ್ರ ಮೂಲದವು ಬಂದವು. ಹಿಂದಿನ ಮಾಲೀಕ ಹಾಕಿಸಿದ್ದ ಬ್ರೇಕ್ ಪ್ಯಾಡುಗಳನ್ನು ಹಾಗೆಯೇ ಬಿಟ್ಟೆವು. ಅವು ಒಳ್ಳೆಯವು, ಎಂಜಿನ್ನಿನ ಲೆಕ್ಕಕ್ಕೆ ಕೈ ಹಾಕುವುದಿಲ್ಲ.

ಮುಂದಿನ ಭಾನುವಾರ ಅದೇ ದಾರಿಯಲ್ಲಿ ಹೋದೆವು. ಸ್ಕ್ಯಾನರ್ ನನ್ನ ತೊಡೆಯ ಮೇಲಿತ್ತು. ಏರಿನಲ್ಲಿ ಹುಡುಗ ಆಕ್ಸಿಲರೇಟರ್ ಒತ್ತಿದ, ಕೇಳಿದ ಒತ್ತಡದ ಗೆರೆ ಮೇಲೇರಿತು, ಸಿಕ್ಕ ಒತ್ತಡದ ಗೆರೆ ಅದರ ಬೆನ್ನಿಗೇ ಹತ್ತಿತು. "ಸದ್ದೇ ಇಲ್ಲವಲ್ಲ ಮಾವ" ಎಂದು ಅವನು ಮುಖ ಸಣ್ಣದು ಮಾಡಿದ. ಅಷ್ಟರಲ್ಲಿ ಮೆಕ್ಕೆಜೋಳದ ಲಾರಿಯೊಂದು ಎದುರಾಯಿತು, ಈ ಸಲ ಹಾರ್ನ್ ಹೊಡೆದವರು ನಾವು.