ಅಂಗೈ ಅಗಲದ ಒಲೆ, 12,000 ವರ್ಷದ ಕೋಲು

ಒಲೆ ಅಂದರೆ ಒಲೆ, ಆದರೆ ಅಂಗೈ ಅಗಲದ್ದು. ಅಡುಗೆ ಬಿಡಿ, ಚಳಿ ಕಾಯಿಸಿಕೊಳ್ಳುವುದಕ್ಕೂ ಸಾಲದು. ಬೆಂಕಿ ಉರಿದದ್ದು ಸ್ವಲ್ಪ ಹೊತ್ತು, ಅದೂ ಮಂದವಾಗಿ. ಒಳಗೆ ಒಂದೇ ಒಂದು ಕೋಲು. ಕವಲುಗಳನ್ನೆಲ್ಲ ಸವರಿ ನಯ ಮಾಡಿದ್ದು. ಸುತ್ತ ಊಟದ ಚೂರೂ ಇಲ್ಲ.

ಇದು ಸಿಕ್ಕಿದ್ದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಬುಕನ್ ಊರಿನ ಹತ್ತಿರ, ಕ್ಲಾಗ್ಸ್ ಗುಹೆಯಲ್ಲಿ. ಅದು ಗುನೈಕುರ್ನೈ ಎಂಬ ಮೂಲನಿವಾಸಿಗಳ ನೆಲ.

ಆದಿಮಾನವ ಅಂದ ಕೂಡಲೇ ನಮಗೆ ಶಾಲೆಯ ಪುಸ್ತಕದ ಚಿತ್ರವೇ ನೆನಪಾಗುತ್ತದೆ, ಅಲ್ವಾ? ಗುಹೆಯೊಳಗೆ ಸಂಸಾರ, ನಡುವೆ ಬೆಂಕಿ, ಗೋಡೆ ಮೇಲೆ ಜಿಂಕೆ. ತಜ್ಞರೂ ಬಹುಕಾಲ ಗುಹೆಗಳಲ್ಲಿ ಹುಡುಕಿದ್ದು ಮನೆಯ ಗುರುತುಗಳನ್ನೇ: ಏನು ತಿಂದರು, ಎಲ್ಲಿ ಮಲಗಿದರು. ಕ್ಲಾಗ್ಸ್ ಗುಹೆಯನ್ನು ಮೊದಲು ಅಗೆದವರು ಜೋಸೆಫಿನ್ ಫ್ಲಡ್, 1971–72ರಲ್ಲಿ. ಆ ಕೆಲಸದಲ್ಲಿ ಗುನೈಕುರ್ನೈ ಜನರಿಗೆ ಪಾಲಿರಲಿಲ್ಲ. ಅಲ್ಲೇ ಎಡವಿದ್ದು ಅಂತ ನನಗನಿಸುತ್ತದೆ.

2019–20ರಲ್ಲಿ ಮತ್ತೆ ಅಗೆದಾಗ ಲೆಕ್ಕ ತಿರುಗಿತು. ಈ ಸಲ ಕರೆದವರೇ ಗುನೈಕುರ್ನೈ ಸಂಘದವರು. ಹಿರಿಯರಾದ ರಸೆಲ್ ಮಲೆಟ್ ಮುಂದೆ ನಿಂತರು, ಮೊನಾಶ್ ವಿಶ್ವವಿದ್ಯಾಲಯದ ಬ್ರೂನೋ ಡೇವಿಡ್ ತಂಡ ಜೊತೆಗೂಡಿತು. ಅಂಥ ಎರಡು ಪುಟ್ಟ ಒಲೆ ಸಿಕ್ಕವು. ಒಂದು ಸುಮಾರು 11,000 ವರ್ಷ ಹಳೆಯದು, ಇನ್ನೊಂದು 12,000. ಎರಡರಲ್ಲೂ ಒಂದೊಂದು ಕೋಲು, ನಮ್ಮ ಕರಾವಳಿಯಲ್ಲಿ ಸಾಲುಸಾಲು ಕಾಣುವ ಗಾಳಿಮರದ ಜಾತಿಯದ್ದು. ಪರೀಕ್ಷೆ ಮಾಡಿದರೆ ಎರಡಕ್ಕೂ ಕೊಬ್ಬು ಸವರಿದ ಗುರುತು.

ಕೋಲಿಗೆ ಕೊಬ್ಬು ಯಾಕೆ? ಉತ್ತರ ಮಣ್ಣಿನಲ್ಲಿರಲಿಲ್ಲ, ಹಳೇ ಕಾಗದದಲ್ಲಿತ್ತು. 1880ರ ದಶಕದಲ್ಲಿ ಆಲ್ಫ್ರೆಡ್ ಹೌವಿಟ್ ಎಂಬ ಸರ್ಕಾರಿ ಅಧಿಕಾರಿ ಈ ಜನರ ಆಚರಣೆಗಳನ್ನು ಬರೆದಿಟ್ಟಿದ್ದರು. ಮಂತ್ರ, ಮದ್ದು ಬಲ್ಲವರಿಗೆ ಇಲ್ಲಿ ‘ಮುಲ್ಲಾ-ಮುಲ್ಲುಂಗ್’ ಅನ್ನುತ್ತಾರೆ. ಯಾರ ಮೇಲೆ ಪ್ರಯೋಗವೋ ಅವರದ್ದೊಂದು ವಸ್ತುವನ್ನು ಕೋಲಿನ ತುದಿಗೆ ಕಟ್ಟಬೇಕು. ಮನುಷ್ಯನ ಇಲ್ಲವೇ ಕಾಂಗರೂ ಕೊಬ್ಬು ಸವರಬೇಕು. ಬೆಂಕಿಯ ಮುಂದೆ ಓರೆಯಾಗಿ ನೆಟ್ಟು, ಅವರ ಹೆಸರು ಹಿಡಿದು ಹಾಡಬೇಕು. ಕೋಲು ಬಿತ್ತೋ, ಕೆಲಸ ಆಯಿತು. ಮಾಟಕ್ಕೆ ಕೂದಲು, ಉಗುರು ಬೇಕು ಅನ್ನುವ ಮಾತು ಕೇಳಿ ಬೆಳೆದ ನಮಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ.

2024ರಲ್ಲಿ ಈ ಸಂಶೋಧನೆ ಪ್ರಕಟವಾಯಿತು. ಬರಹವಿಲ್ಲದೆ, ಗುಡಿ ಕಟ್ಟದೆ, ಸುಮಾರು 500 ತಲೆಮಾರು ಒಂದು ವಿಧಿ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಬಂದಿದೆ! ನಮ್ಮಲ್ಲಿ ಮುತ್ತಜ್ಜನ ಅಪ್ಪನ ಹೆಸರು ಕೇಳಿದರೆ ತಲೆ ಕೆರೆದುಕೊಳ್ಳುವವರೇ ಹೆಚ್ಚು.

ಹಾಗಾದರೆ ಗೋಡೆಯ ಚಿತ್ರ? ಅದೇ ಸೀಮೆಯ ಇನ್ನೊಂದು ಗುಹೆಗೆ ಹೋಗಬೇಕು. ಹೆಸರು ‘ನ್ಯೂಗಿನಿ–2’. ಹೆಸರು ಹಾಗಿದೆ ಅಷ್ಟೇ, ಇರುವುದು ವಿಕ್ಟೋರಿಯಾದಲ್ಲೇ. ಇಲ್ಲಿ ಬಣ್ಣವೂ ಇಲ್ಲ, ಪ್ರಾಣಿಯ ಚಿತ್ರವೂ ಇಲ್ಲ. ಬೆಳಕೇ ಬಾರದ ಒಳಭಾಗದಲ್ಲಿ ಮೆತ್ತಗಿನ ಸುಣ್ಣದ ಗೋಡೆ. ಅದರ ಮೇಲೆ ಬೆರಳು ಎಳೆದ ಗೀರುಗಳು, ನೂರಾರು. ಗೋಡೆಯಲ್ಲಿ ಸೂಕ್ಷ್ಮ ಹರಳುಗಳಿವೆ, ದೀಪ ಹಿಡಿದರೆ ಮಿನುಗುತ್ತವೆ. ಗೀರು ಇರುವುದು ಮಿನುಗುವ ಕಡೆ ಮಾತ್ರ. ಮುಲ್ಲಾ-ಮುಲ್ಲುಂಗರ ಶಕ್ತಿಗೂ ಹರಳುಗಳಿಗೂ ನಂಟಿತ್ತು ಅನ್ನುವುದನ್ನೂ ಹೌವಿಟ್ ಬರೆದಿದ್ದಾರೆ. ಗೋಡೆಯ ಕೆಳಗೆ ನೆಲದಲ್ಲಿ ಸಿಕ್ಕಿದ್ದು ಪಂಜಿನಿಂದ ಉದುರಿದ ಇದ್ದಿಲ ಚೂರುಗಳು. ಅಡುಗೆ ಮಾಡಿದ ಗುರುತು ಇಲ್ಲಿಯೂ ಇಲ್ಲ.

ಒಂದು ಕಡೆ ಗೀರುಗಳು ತೀರಾ ಸಣ್ಣವು, ಮಗುವಿನ ಬೆರಳಿನವು. ಆದರೆ ಮಗುವಿಗೆ ಎಟುಕದ ಎತ್ತರದಲ್ಲಿವೆ. ಆ ಕತ್ತಲಲ್ಲಿ ಯಾರೋ ದೊಡ್ಡವರು ಅದನ್ನು ಎತ್ತಿ ಹಿಡಿದಿದ್ದಾರೆ.